ಹಾವಿನ ಬಗೆಗಳೆಷ್ಟು, ಹಾವುಗಳೆಷ್ಟು?

ಪ್ರಶ್ನೆ: ನಾನು ಮೂಡಿಗೆರೆ ತಾಲ್ಲೂಕಿನ ಕಾಫಿ ಬೆಳೆಗಾರ. ಪ್ರಪಂಚದಲ್ಲಿ ಯಾವ ದೇಶದಲ್ಲಿ ಹಾವುಗಳು ಹೆಚ್ಚು ಎಂದು ಮಗಳು ಶಾಲೆಯ ಕೆಲಸಕ್ಕಾಗಿ ಹುಡುಕಿದಾಗ ಒಂದು ಕಡೆ ಆಸ್ಟ್ರೇಲಿಯಾ, ಇನ್ನೊಂದು ಕಡೆ ಮೆಕ್ಸಿಕೊ, ಮತ್ತೊಂದು ಕಡೆ ಬ್ರೆಜಿಲ್ ಎಂಬ ಉತ್ತರ ಸಿಕ್ಕಿತು. ಯಾವುದು ಸರಿ? ಒಂದು ದೇಶದ ಹಾವುಗಳನ್ನು ಎಣಿಸುವುದಾದರೂ ಹೇಗೆ? ನಮ್ಮ ತೋಟದಲ್ಲಿ ಹಿಂದೆ ಕಾಣುತ್ತಿದ್ದಷ್ಟು ಕೇರೆ ಹಾವು, ಹಸಿರು ಹಾವು ಈಗ ಕಾಣುವುದಿಲ್ಲ. ಕಾಳಿಂಗ ಸರ್ಪ ಮಾತ್ರ ಹೆಚ್ಚಾಗಿದೆ ಎಂದು ಸುತ್ತಲಿನ ಎಲ್ಲರೂ ಹೇಳುತ್ತಾರೆ. ಇದು ನಿಜವೇ?

ಉತ್ತರ: ನೀವು ಕೇಳಿರುವುದು ಮೂರು ಪ್ರಶ್ನೆಗಳಾದರೂ ಅವುಗಳ ಅಡಿಯಲ್ಲಿರುವ ತೊಡಕು ಒಂದೇ. ಒಂದು ದೇಶದಲ್ಲಿ ಎಷ್ಟು ಬಗೆಯ ಹಾವುಗಳಿವೆ ಎಂಬುದು ಒಂದು ಲೆಕ್ಕ, ಅಲ್ಲಿ ಒಟ್ಟು ಎಷ್ಟು ಹಾವುಗಳು ಬದುಕಿವೆ ಎಂಬುದು ಬೇರೆಯೇ ಲೆಕ್ಕ. ಮೊದಲನೆಯದಕ್ಕೆ ಸುಮಾರಾಗಿ ನಂಬಬಹುದಾದ ಉತ್ತರವಿದೆ; ಎರಡನೆಯದನ್ನು ಪ್ರಪಂಚದ ಯಾವ ದೇಶವೂ ಇದುವರೆಗೆ ಮಾಡಿ ಮುಗಿಸಿಲ್ಲ. ನಿಮ್ಮ ತೋಟದಲ್ಲಿ ಅರೇಬಿಕಾ, ರೋಬಸ್ಟಾ, ಮೆಣಸು, ಏಲಕ್ಕಿ ಎಂದು ನಾಲ್ಕು ಬೆಳೆಗಳಿವೆ ಎಂದು ತಿಳಿದವರು ಈ ವರ್ಷ ಎಷ್ಟು ಮೂಟೆ ಕಾಫಿ ಬಂತೆಂದು ಅದರಿಂದಲೇ ಹೇಳಲಾಗುವುದಿಲ್ಲ. ದೇಶಗಳ ಪಟ್ಟಿಗಳು ಮಾತ್ರ ಈ ಎರಡನ್ನೂ ಕಲಸಿ ‘ಅತಿ ಹೆಚ್ಚು ಹಾವುಗಳಿರುವ ದೇಶ’ ಎಂದು ತಲೆಬರಹ ಕೊಟ್ಟುಬಿಡುತ್ತವೆ.

ಮೊದಲು ಬಗೆಗಳ, ಅಂದರೆ ಪ್ರಭೇದಗಳ ಲೆಕ್ಕವನ್ನು ನೋಡೋಣ. ಜೀವವಿಜ್ಞಾನಿ ಪೀಟರ್ ಉಯೆಟ್ಜ್ 1995ರಲ್ಲಿ ಆರಂಭಿಸಿದ ‘ರೆಪ್ಟೈಲ್ ಡೇಟಾಬೇಸ್’ ಎಂಬ ಜಾಗತಿಕ ಪಟ್ಟಿಯಲ್ಲಿ ಇಂದು 12,000ಕ್ಕೂ ಹೆಚ್ಚು ಸರೀಸೃಪ ಪ್ರಭೇದಗಳು ದಾಖಲಾಗಿವೆ. ಹಲ್ಲಿ, ಓತಿಕ್ಯಾತ, ಉಡ, ಹಾವುರಾಣಿಗಳ ಗುಂಪಿನವೇ 7,000ಕ್ಕೂ ಮಿಕ್ಕಿವೆ. ಹಾವುಗಳು 4,000ಕ್ಕೂ ಹೆಚ್ಚು, ಆಮೆಗಳು ಸುಮಾರು 360, ಮೊಸಳೆಗಳು ಮೂವತ್ತಕ್ಕಿಂತ ಕಡಿಮೆ. ನ್ಯೂಜಿಲೆಂಡಿನ ಟುವಾಟಾರ ಎಂಬ ಪ್ರಾಣಿಯಂತೂ ನೋಡಲು ಓತಿಯಂತಿದ್ದರೂ ಓತಿಯಲ್ಲ. ಅದರ ಗಣದಲ್ಲಿ ಇಂದು ಉಳಿದಿರುವುದು ಅದೊಂದೇ. ದೇಶವಾರು ನೋಡಿದರೆ ಒಟ್ಟು ಸರೀಸೃಪ ಪ್ರಭೇದಗಳಲ್ಲಿ ಆಸ್ಟ್ರೇಲಿಯಾ 1,000ಕ್ಕೂ ಹೆಚ್ಚಿನ ಸಂಖ್ಯೆಯೊಡನೆ ಮುಂದಿದೆ, ಮೆಕ್ಸಿಕೊ 900ನ್ನು ದಾಟಿದೆ, ಬ್ರೆಜಿಲ್ 800ನ್ನು ದಾಟಿದೆ. ಭಾರತದ್ದು 600ಕ್ಕೂ ಹೆಚ್ಚು.

ಹಾಗಾದರೆ ಉತ್ತರಗಳು ಬೇರೆಬೇರೆಯಾಗಿದ್ದು ಏಕೆ? ಆಸ್ಟ್ರೇಲಿಯಾದ ಮೊತ್ತದಲ್ಲಿ ಬಹುಪಾಲು ಹಾವುಗಳದ್ದಲ್ಲ, ಹಲ್ಲಿ ಜಾತಿಯವುಗಳದ್ದು. ಅಲ್ಲಿನ ಮರುಭೂಮಿಯ ಮುಳ್ಳುಹುಲ್ಲಿನ ನಡುವೆ ಬದುಕುವ ಟೆನೋಟಸ್ ಎಂಬ ಒಂದೇ ಕುಲದ ಹಾವುರಾಣಿಗಳಲ್ಲಿ ನೂರಕ್ಕೂ ಹೆಚ್ಚು ಪ್ರಭೇದಗಳಿವೆ. ಹಾವುಗಳನ್ನು ಮಾತ್ರ ಲೆಕ್ಕ ಹಿಡಿದರೆ ತಲಾ 400ಕ್ಕೂ ಹೆಚ್ಚು ಪ್ರಭೇದಗಳಿರುವ ಮೆಕ್ಸಿಕೊ ಮತ್ತು ಬ್ರೆಜಿಲ್ ಮುಂದೆ ಬರುತ್ತವೆ, ಆಸ್ಟ್ರೇಲಿಯಾ ಹಿಂದೆ ಸರಿಯುತ್ತದೆ. ಕಡಲ ಹಾವುಗಳನ್ನು ಸೇರಿಸಿದ್ದಾರೆಯೇ, ಹೊರಗಿನಿಂದ ಬಂದು ನೆಲೆಯೂರಿದವನ್ನು ಬಿಟ್ಟಿದ್ದಾರೆಯೇ, ವಿಷದ ಹಾವುಗಳನ್ನು ಮಾತ್ರ ಎಣಿಸಿದ್ದಾರೆಯೇ, ಪಟ್ಟಿ ಯಾವ ವರ್ಷದ್ದು ಎಂಬುದರ ಮೇಲೆಯೂ ಸ್ಥಾನಗಳು ಅದಲುಬದಲಾಗುತ್ತವೆ. ನಿಮ್ಮ ಮಗಳು ‘ಒಟ್ಟು ಸರೀಸೃಪ ಪ್ರಭೇದಗಳಲ್ಲಿ ಆಸ್ಟ್ರೇಲಿಯಾ, ಹಾವಿನ ಪ್ರಭೇದಗಳಲ್ಲಿ ಮೆಕ್ಸಿಕೊ ಮತ್ತು ಬ್ರೆಜಿಲ್’ ಎಂದು ಬರೆದು, ಪಟ್ಟಿಯ ವರ್ಷವನ್ನೂ ನಮೂದಿಸಿದರೆ ಅವಳ ಉತ್ತರ ಸರಿಯಾಗಿರುತ್ತದೆ.

ವರ್ಷವನ್ನು ನಮೂದಿಸಿ ಎನ್ನುವುದಕ್ಕೆ ಕಾರಣವಿದೆ. ಕಾಡಿನಲ್ಲಿ ಒಂದು ಮೊಟ್ಟೆಯೂ ಹೆಚ್ಚಾಗಿ ಒಡೆಯದೆ ದೇಶದ ಪ್ರಭೇದಗಳ ಸಂಖ್ಯೆ ಏರಬಹುದು. ಇದಕ್ಕೆ ನಿಮ್ಮ ತೋಟದ ಕಾಳಿಂಗ ಸರ್ಪವೇ ಸಾಕ್ಷಿ. 1836ರಲ್ಲಿ ಮೊದಲ ಬಾರಿಗೆ ವಿವರಿಸಲ್ಪಟ್ಟ ಈ ಹಾವನ್ನು ಭಾರತದಿಂದ ಫಿಲಿಪ್ಪೀನ್ಸ್‌ವರೆಗೆ ಒಂದೇ ಪ್ರಭೇದವೆಂದು ತಿಳಿಯಲಾಗಿತ್ತು. 2024ರಲ್ಲಿ ಪಿ. ಗೌರಿಶಂಕರ್ ಮತ್ತು ಅವರ ಸಂಗಡಿಗರು ವಂಶವಾಹಿಗಳ ಜೊತೆಗೆ ಮೈಮೇಲಿನ ಪಟ್ಟೆಗಳನ್ನೂ ಹಲ್ಲುಗಳನ್ನೂ ಹೋಲಿಸಿ ಅದನ್ನು ನಾಲ್ಕು ಪ್ರಭೇದಗಳಾಗಿ ಬೇರ್ಪಡಿಸಿದರು. ಪಶ್ಚಿಮ ಘಟ್ಟಗಳದ್ದು ಈಗ ಒಫಿಯೊಫೇಗಸ್ ಕಾಳಿಂಗ. ಬೇರೆಲ್ಲೂ ಇಲ್ಲದ, ಘಟ್ಟಕ್ಕೆ ಮಾತ್ರ ಸೇರಿದ ಪ್ರಭೇದ. ಉತ್ತರ ಭಾರತದಿಂದ ಚೀನಾ, ಥಾಯ್ಲೆಂಡ್‌ಗಳವರೆಗೆ ಹರಡಿರುವುದು ಹಳೆಯ ಹೆಸರನ್ನೇ ಉಳಿಸಿಕೊಂಡ ಒಫಿಯೊಫೇಗಸ್ ಹನ್ನಾ. ಹೀಗೆ ಭಾರತದ ಪಟ್ಟಿಗೆ ಒಂದು ಪ್ರಭೇದ ಸೇರಿತು. ಆದರೆ ಹೊಸ ಪ್ರಭೇದದ ಪಾಲಿಗೆ ಬಂದದ್ದು ಹಳೆಯದರ ವ್ಯಾಪ್ತಿಯ ಒಂದು ಸಣ್ಣ ತುಂಡು ಮಾತ್ರ. ಇಡೀ ಏಷ್ಯಾದಲ್ಲಿ ಹರಡಿದೆ ಎಂಬ ಧೈರ್ಯ ಹಿಂದೆ ಇದ್ದ ಕಡೆ, ಈಗ ಅದರ ಭವಿಷ್ಯ ಘಟ್ಟದ ಕಾಡು ಮತ್ತು ತೋಟಗಳನ್ನೇ ನೆಚ್ಚಿಕೊಂಡಿದೆ.

ಹಸಿರು ಹಾವಿನ ಕಥೆಯೂ ಇಂಥದ್ದೇ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದು, ಎಲ್ಲರೂ ಒಂದೇ ಎಂದುಕೊಂಡಿದ್ದ ಹಸಿರು ಹಾವು ಪರ್ಯಾಯ ದ್ವೀಪದಲ್ಲಿ ಹಲವು ಪ್ರಭೇದಗಳಾಗಿ ಒಡೆದಿದೆ ಎಂದು ತೋರಿಸಿತು. ಹಳೆಯ ಪುಸ್ತಕಗಳಲ್ಲಿ ಅದಕ್ಕಿದ್ದ ಅಹೇಟುಲ್ಲಾ ನಸುಟಾ ಎಂಬ ಹೆಸರು ಈಗ ಶ್ರೀಲಂಕಾದ ಹಾವಿಗೆ ಮಾತ್ರ ಉಳಿದಿದೆ. ಬಯಲುಸೀಮೆಯ ಉದ್ದ ಮೂತಿಯ ಹಸಿರು ಹಾವು ಒಂದು ಪ್ರಭೇದ, ಘಟ್ಟದ ಮಳೆಕಾಡಿನ ಗಿಡ್ಡ ಮೂತಿಯದು ಇನ್ನೊಂದು. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳು ಈ ಗಡಿಯ ಮೇಲೇ ಕುಳಿತಿರುವುದರಿಂದ, ಒಂದೇ ಜಿಲ್ಲೆಯೊಳಗೆ ಎರಡೂ ಸಿಗುವುದು ಸಹಜ.

ನನ್ನ ಕೇಳಿದರೆ, ದೇಶಗಳ ಗಡಿಗಿಂತ ಈ ಗಡಿಯನ್ನು ತಿಳಿಯುವುದು ಹೆಚ್ಚು ಉಪಯುಕ್ತ. ಅರಸೀಕೆರೆಯಿಂದ ಹಾಸನದ ಮೇಲೆ ಹಾದು ಸಕಲೇಶಪುರದ ಆಚೆ ಬಿಸಿಲೆ ಘಾಟಿಗೆ ಇಳಿಯುವವರು ಅರ್ಧ ದಿನದ ಪ್ರಯಾಣದಲ್ಲಿ ಎರಡು ಬೇರೆ ಸರೀಸೃಪ ಲೋಕಗಳನ್ನು ದಾಟುತ್ತಾರೆ. ಅರಸೀಕೆರೆ, ಕಡೂರಿನ ಕಡೆಯ ಒಣನೆಲದಲ್ಲಿ ನಕ್ಷತ್ರ ಆಮೆ, ಗರಗಸ ಮಂಡಲ, ಮಣ್ಣುಮುಕ್ಕ, ಭಾರತದ ಒಂದೇ ಗೋಸುಂಬೆ ಪ್ರಭೇದ, ಬಿಸಿಲಿಗೆ ಕಾದ ಬಂಡೆಯ ಮೇಲೆ ತಲೆ ಕುಣಿಸುವ ಬಂಡೆ ಓತಿ ಇವೆಲ್ಲ ಇವೆ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಯ ಮಳೆನಾಡಿಗೆ ಬಂದರೆ ಇವುಗಳಲ್ಲಿ ಹೆಚ್ಚಿನವು ಮಾಯವಾಗಿ ಮಲಬಾರ್ ಗುಳಿಮಂಡಲ, ಅಡಿಕೆ ಮರದಿಂದ ಮರಕ್ಕೆ ತೇಲುವ ಹಾರುವ ಓತಿ, ಕಾಳಿಂಗ ಸರ್ಪಗಳು ಬರುತ್ತವೆ. ಕುದುರೆಮುಖದ ಸುತ್ತಲಿನ ಕಾಡಿನ ನೆಲದಲ್ಲಿ ಬೆತ್ತದ ಆಮೆ ಇದೆ. 1912ರಲ್ಲಿ ವಿವರಿಸಲ್ಪಟ್ಟ ಮೇಲೆ ಸುಮಾರು ಎಪ್ಪತ್ತು ವರ್ಷ ವಿಜ್ಞಾನಿಗಳ ಕಣ್ಣಿಗೇ ಬೀಳದೆ 1982ರಲ್ಲಿ ಕೇರಳದ ಕಾಡಿನಲ್ಲಿ ಮತ್ತೆ ಸಿಕ್ಕ ಅಂಗೈಯಗಲದ ಆಮೆ ಅದು. ನಾಗರಹಾವು, ಕೊಳಕುಮಂಡಲ, ಕೇರೆಗಳು ಮಾತ್ರ ಎರಡೂ ಕಡೆ ಹೊಂದಿಕೊಂಡಿವೆ.

ಮಳೆನಾಡಿನ ಪಟ್ಟಿಯನ್ನು ಬೆಳೆಸುವುದರಲ್ಲಿ ಮಣ್ಣಿನೊಳಗಿನ ಪ್ರಾಣಿಗಳ ಪಾತ್ರ ದೊಡ್ಡದು. ಮುಂಗಾರು ಹಿಡಿದ ಮೇಲೆ ಕಾಫಿ ಸಸಿಗೆ ಗುಂಡಿ ತೆಗೆಯುವಾಗ ಬೆರಳುಗಾತ್ರದ, ಎಣ್ಣೆ ಸವರಿದಂತೆ ಹೊಳೆಯುವ, ಕಪ್ಪು ಮಿಶ್ರಿತ ಕಂದು ಹಾವೊಂದು ಗುದ್ದಲಿಯ ಬಾಯಿಗೆ ಸಿಗುವುದುಂಟು. ಅದರ ತಲೆ ಚೂಪು. ಬಾಲ ಮಾತ್ರ ಓರೆಯಾಗಿ ಕತ್ತರಿಸಿದಂತೆ ಮೊಂಡಾಗಿದ್ದು, ಆ ಕತ್ತರಿಸಿದ ಮುಖದ ಮೇಲಿನ ಒರಟು ಹುರುಪೆಗಳಿಗೆ ಮಣ್ಣಿನ ಬಿಲ್ಲೆ ಅಂಟಿಕೊಂಡಿರುತ್ತದೆ. ಬಿಲದಲ್ಲಿ ಮುಂದೆ ಸಾಗುವಾಗ ಹಿಂದಿನಿಂದ ಬರುವ ಶತ್ರುವಿಗೆ ಈ ಮಣ್ಣೇ ಅಡ್ಡ. ಆಳುಗಳು ಇದನ್ನು ಎರಡು ತಲೆಯ ಹಾವೆಂದು ತಿಳಿದು ಹೊಡೆಯುತ್ತಾರೆ. ಆದರೆ ಎರೆಹುಳು ತಿಂದು ಬದುಕುವ, ಮೊಟ್ಟೆಯಿಡದೆ ಮರಿ ಹಾಕುವ, ಕಚ್ಚಲು ಬಾಯಿ ತೆರೆಯುವುದೂ ಅಪರೂಪವಾದ ಈ ಗುರಾಣಿಬಾಲದ ಹಾವುಗಳಲ್ಲಿ ಐವತ್ತಕ್ಕೂ ಹೆಚ್ಚು ಪ್ರಭೇದಗಳಿದ್ದು, ಅವು ಭಾರತದ ಪರ್ಯಾಯ ದ್ವೀಪ ಮತ್ತು ಶ್ರೀಲಂಕಾ ಬಿಟ್ಟು ಪ್ರಪಂಚದ ಬೇರೆ ಯಾವ ಮೂಲೆಯಲ್ಲೂ ಇಲ್ಲ. ಒಂದೊಂದು ಬೆಟ್ಟದ ಸಾಲಿಗೆ ಒಂದೊಂದು ಪ್ರಭೇದ ಎನ್ನುವಷ್ಟು ಅವು ಬೇರ್ಪಟ್ಟಿವೆ. ಕೆಲವನ್ನು ವಿಜ್ಞಾನ ಬಲ್ಲುದು ಬೆರಳೆಣಿಕೆಯ ಮಾದರಿಗಳಿಂದ ಮಾತ್ರ.

ದ್ವೀಪಗಳ ಲೆಕ್ಕ ಇದಕ್ಕೆ ವಿರುದ್ಧ ತುದಿಯದು. ಐರ್ಲೆಂಡಿಗೆ ತನ್ನದೇ ಆದ ಹಾವಿಲ್ಲ, ಓತಿಯೂ ಒಂದೇ. ಹಿಮಯುಗ ಮುಗಿದು ನೆಲ ಬೆಚ್ಚಗಾಗುವಷ್ಟರಲ್ಲಿ ಸಮುದ್ರ ಸುತ್ತುವರಿದು ದಾರಿ ಮುಚ್ಚಿತ್ತು. ಬ್ರಿಟನ್ನಿಗೆ ಹಾವು ಮೂರು, ಹಲ್ಲಿ ಜಾತಿಯವು ಮೂರು, ಒಟ್ಟು ಆರು. ನ್ಯೂಜಿಲೆಂಡಿನಲ್ಲಿ ನೆಲದ ಹಾವು ಇಲ್ಲ. ಮಡಗಾಸ್ಕರ್ ಮಾತ್ರ ಇದಕ್ಕೆ ಹೊರತು: ಅಲ್ಲಿ 400ಕ್ಕೂ ಹೆಚ್ಚು ಸರೀಸೃಪ ಪ್ರಭೇದಗಳಿದ್ದು ಅವುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಬೇರೆಲ್ಲೂ ಇಲ್ಲದವು.

ಇನ್ನು ತಲೆ ಎಣಿಕೆ. ಸರೀಸೃಪಗಳಲ್ಲಿ ಇದು ಸಾಧ್ಯವಾಗಿರುವುದು ಮುಖ್ಯವಾಗಿ ಮೊಸಳೆಗಳಲ್ಲಿ. ದೊಡ್ಡ ಪ್ರಾಣಿ, ನೀರಿನ ಅಂಚಿಗೆ ಅಂಟಿಕೊಂಡಿರುತ್ತದೆ, ರಾತ್ರಿ ದೋಣಿಯಿಂದ ಟಾರ್ಚ್ ಹಾಯಿಸಿದರೆ ಕಣ್ಣು ಕೆಂಡದ ಬಣ್ಣದಲ್ಲಿ ಹೊಳೆಯುತ್ತದೆ. ಗೂಡುಗಳನ್ನೂ ಪ್ರತ್ಯೇಕವಾಗಿ ಎಣಿಸಬಹುದು. ಆಸ್ಟ್ರೇಲಿಯಾದ ನಾರ್ದರ್ನ್ ಟೆರಿಟರಿಯಲ್ಲಿ ಚರ್ಮಕ್ಕಾಗಿ ನಡೆದ ಬೇಟೆಯಿಂದ ಉಪ್ಪುನೀರಿನ ಮೊಸಳೆಗಳು ಸುಮಾರು 3,000ಕ್ಕೆ ಇಳಿದಿದ್ದವು. 1971ರಲ್ಲಿ ರಕ್ಷಣೆ ಸಿಕ್ಕ ಮೇಲೆ ಇಂದು ಅವು ಒಂದು ಲಕ್ಷದ ಆಸುಪಾಸಿನಲ್ಲಿವೆ. ಅದೇ ಪ್ರಭೇದವನ್ನು ನಮ್ಮ ಒಡಿಶಾದ ಭಿತರಕನಿಕಾದಲ್ಲಿ ಪ್ರತಿ ಜನವರಿಯಲ್ಲಿ ಎಣಿಸುತ್ತಾರೆ; 1970ರ ದಶಕದ ಮಧ್ಯಭಾಗದಲ್ಲಿ ನೂರನ್ನೂ ಮುಟ್ಟದಿದ್ದ ಸಂಖ್ಯೆ, 1975ರಲ್ಲಿ ಆರಂಭವಾದ ಮೊಸಳೆ ಸಂರಕ್ಷಣಾ ಯೋಜನೆಯ ಫಲವಾಗಿ 2024ರ ಹೊತ್ತಿಗೆ 1,800ನ್ನು ದಾಟಿತ್ತು. ಅದೇ ಯೋಜನೆಯಡಿ ಮರಿ ಮಾಡಿ ಬಿಟ್ಟ, ಉದ್ದ ಮೂತಿಯ ಘರಿಯಾಲ್ ಮೊಸಳೆ ಮಾತ್ರ ಹಾಗೆ ಚೇತರಿಸಲಿಲ್ಲ. ಮೀನನ್ನೇ ನೆಚ್ಚಿದ ಅದಕ್ಕೆ ಹರಿಯುವ ಆಳದ ನದಿಯೂ ಮರಳ ದಂಡೆಯೂ ಬೇಕು. ಅಣೆಕಟ್ಟು, ಮರಳು ತೆಗೆಯುವಿಕೆ, ಮೀನುಬಲೆಗಳ ನಡುವೆ ಅದು ಇಂದು ಮುಖ್ಯವಾಗಿ ಚಂಬಲ್ ನದಿಯ ಆಶ್ರಯದಲ್ಲಿದೆ, ಪ್ರೌಢ ಪ್ರಾಣಿಗಳು ಸಾವಿರಕ್ಕೂ ಕಡಿಮೆ.

ಒಂದೇ ಕುಲದ ಎರಡು ಪ್ರಾಣಿಗಳ ಹಣೆಬರಹ ಎರಡು ದೇಶಗಳಲ್ಲಿ ಎಷ್ಟು ಭಿನ್ನವಾಗಬಹುದು ಎಂಬುದಕ್ಕೆ ಮೊಸಳೆಯ ಬಳಗದ ಅಲಿಗೇಟರ್ ಒಳ್ಳೆಯ ಉದಾಹರಣೆ. ಅಮೆರಿಕದ ಅಲಿಗೇಟರನ್ನು 1967ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಿ 1987ರಲ್ಲಿ ಚೇತರಿಸಿದೆ ಎಂದು ಘೋಷಿಸಿದರು. ಈಗ ಅಲ್ಲಿನ ಆಗ್ನೇಯ ರಾಜ್ಯಗಳಲ್ಲಿ ಸುಮಾರು ಐವತ್ತು ಲಕ್ಷ ಇವೆ ಎಂಬ ಅಂದಾಜಿದೆ. ಚೀನಾದ ಅಲಿಗೇಟರ್ ಯಾಂಗ್ಟ್ಸೆ ನದಿಯ ಕೆಳಪಾತ್ರದ ಜೌಗು ನೆಲಗಳೆಲ್ಲ ಭತ್ತದ ಗದ್ದೆಗಳಾದ ಮೇಲೆ 1990ರ ದಶಕದ ಕೊನೆಗೆ ಕಾಡಿನಲ್ಲಿ 150ಕ್ಕಿಂತ ಕಡಿಮೆ ಉಳಿದಿತ್ತು. ಸಾಕಣೆ ಕೇಂದ್ರಗಳಲ್ಲಿ ಸಾವಿರಾರು ಮರಿಗಳಾದರೂ ಬಿಡಲು ಜೌಗು ಇಲ್ಲದ ಸ್ಥಿತಿ ಅಲ್ಲಿ ಬಂತು. ಈ ಎರಡೂ ದೇಶಗಳ ಪ್ರಭೇದಪಟ್ಟಿಯಲ್ಲಿ ಮಾತ್ರ ಅಲಿಗೇಟರ್ ಎಂಬುದು ತಲಾ ‘ಒಂದು’ ಎಂದೇ ಕಾಣುತ್ತದೆ.

ಹಾವುಗಳ ವಿಷಯಕ್ಕೆ ಬಂದರೆ ಈ ಎಣಿಕೆಯ ವಿದ್ಯೆ ಬಹುಮಟ್ಟಿಗೆ ಕೈಕೊಡುತ್ತದೆ. ಅಮೆರಿಕದ ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗಿನಲ್ಲಿ, ಸಾಕಲೆಂದು ತಂದು ಹೊರಬಿದ್ದ ಬರ್ಮಾ ಹೆಬ್ಬಾವುಗಳು ಬೀಡುಬಿಟ್ಟಿವೆ. 2013ರಲ್ಲಿ ಅವನ್ನು ಹಿಡಿಯಲು ಸ್ಪರ್ಧೆ ಏರ್ಪಡಿಸಿದಾಗ ಸುಮಾರು 1,600 ಜನ ಸೇರಿ ಒಂದು ತಿಂಗಳಲ್ಲಿ ಹಿಡಿದದ್ದು 68 ಹಾವುಗಳನ್ನು. ಹೆಬ್ಬಾವುಗಳು ಅಲ್ಲಿ ಕಡಿಮೆ ಎಂದು ಇದರ ಅರ್ಥವಲ್ಲ. ಎದುರಿಗಿರುವ ಹೆಬ್ಬಾವು ನುರಿತವರ ಕಣ್ಣಿಗೂ ಬೀಳುವ ಸಂಭವ ನೂರಕ್ಕೆ ಒಂದಕ್ಕಿಂತ ಕಡಿಮೆ ಎಂದು ಅಲ್ಲಿನ ಅಧ್ಯಯನಗಳು ತೋರಿಸಿವೆ. ರೇಡಿಯೊ ಯಂತ್ರ ಅಳವಡಿಸಿದ ಹಾವು ಕಾಲಬುಡದ ಹುಲ್ಲಿನಲ್ಲಿದೆ ಎಂದು ಯಂತ್ರ ಹೇಳುತ್ತಿದ್ದರೂ ಕಣ್ಣಿಗೆ ಕಾಣುವುದಿಲ್ಲ. ಕೊನೆಗೆ ವಿಜ್ಞಾನಿಗಳು ಹೆಬ್ಬಾವನ್ನು ಬಿಟ್ಟು ಅದರ ಆಹಾರವನ್ನು ಎಣಿಸಿದರು. 2012ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ರಾತ್ರಿ ರಸ್ತೆಬದಿಯಲ್ಲಿ ಕಾಣುತ್ತಿದ್ದ ರಕೂನ್ ಎಂಬ ಸಣ್ಣ ಸಸ್ತನಿಗಳ ಸಂಖ್ಯೆ 99 ಶೇಕಡಾ ಕುಸಿದಿತ್ತು. ಪೆಸಿಫಿಕ್ ಸಾಗರದ ಗುವಾಮ್ ದ್ವೀಪದಲ್ಲೂ ಹೀಗೆಯೇ ಆಯಿತು: ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ ಸರಕಿನೊಡನೆ ಬಂದಿಳಿದ ಕಂದು ಮರಹಾವು, ಕಾರಣ ಅದೇ ಎಂದು ಖಚಿತವಾಗುವ ಮೊದಲೇ ಕಾಡಿನ ಹಕ್ಕಿಗಳ ಬಹುಪಾಲು ಪ್ರಭೇದಗಳನ್ನು ಮುಗಿಸಿಬಿಟ್ಟಿತ್ತು.

ಕಾಣದ್ದು ಕಡಿಮೆಯೆಂದು ತೋರುವಂತೆ, ಭಯ ಹುಟ್ಟಿಸುವುದು ಹೆಚ್ಚೆಂದು ತೋರುತ್ತದೆ. ಬ್ರೆಜಿಲ್ಲಿನ ಕೈಮಾಡಾ ಗ್ರಾಂಡೆ ಎಂಬ 43 ಹೆಕ್ಟೇರಿನ ದ್ವೀಪದಲ್ಲಿ ಚಿನ್ನದ ಬಣ್ಣದ ಗುಳಿಮಂಡಲವಿದೆ. ಪ್ರತಿ ಚದರ ಮೀಟರಿಗೆ ಒಂದರಿಂದ ಐದು ಹಾವು ಎಂದು ಎಲ್ಲ ಕಡೆ ಬರೆಯುತ್ತಾರೆ. ಒಂದೇ ಎಂದು ಹಿಡಿದರೂ 4,30,000 ಹಾವುಗಳಾಗಬೇಕು. ಗುರುತು ಹಾಕಿ ಎಣಿಸಿದವರ ಅಂದಾಜು ಎರಡರಿಂದ ನಾಲ್ಕು ಸಾವಿರ.

ಆ ಗುರುತು ಹಾಕುವ ಕ್ರಮವನ್ನು ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಅಲ್ಲಿದೆ. ಒಂದು ಜಾಗದಲ್ಲಿ 40 ಹಾವುಗಳನ್ನು ಹಿಡಿದು, ಹೊಟ್ಟೆಯ ಹುರುಪೆಯ ಅಂಚನ್ನು ಕತ್ತರಿಸಿಯೋ ಚರ್ಮದಡಿ ಅಕ್ಕಿಕಾಳಿನಷ್ಟು ದೊಡ್ಡ ಚಿಪ್ ಇಟ್ಟೋ ಗುರುತು ಮಾಡಿ ಅಲ್ಲಿಯೇ ಬಿಡುತ್ತಾರೆ. ಕೆಲವು ದಿನಗಳ ನಂತರ ಮತ್ತೆ ಹಿಡಿದ 30ರಲ್ಲಿ ಗುರುತಿನವು 6 ಸಿಕ್ಕರೆ, ಒಟ್ಟು ಹಾವುಗಳಲ್ಲಿ ಐದನೇ ಒಂದು ಪಾಲಿಗೆ ಗುರುತಿದೆ ಎಂದಾಯಿತು. ಹಾಗಾಗಿ ಅಲ್ಲಿ ಸುಮಾರು 200 ಹಾವುಗಳಿರಬೇಕು. ಲೆಕ್ಕ ಸರಳ, ಷರತ್ತುಗಳು ಕಠಿಣ. ಈ ನಡುವೆ ಹಾವುಗಳು ಬಂದು ಹೋಗಿರಬಾರದು, ಒಮ್ಮೆ ಹಿಡಿಸಿಕೊಂಡದ್ದು ಹೆದರಿ ಅಡಗಿರಬಾರದು, ಮರಿಯೂ ಪ್ರೌಢವೂ ಸಮಾನವಾಗಿ ಸಿಗಬೇಕು. ಹಾವುಗಳು ಈ ಮೂರನ್ನೂ ಮುರಿಯುತ್ತವೆ. ಎರಡನೆಯ ಬಾರಿ ಗುರುತಿನದ್ದು ಒಂದೂ ಸಿಗದಿದ್ದರೆ ಲೆಕ್ಕವೇ ಆಗದು, ಮತ್ತು ದಟ್ಟ ಕಾಡಿನಲ್ಲಿ ಬಹಳ ಸಲ ಆಗುವುದು ಅದೇ. ಆದ್ದರಿಂದ ಈ ಕ್ರಮ ದ್ವೀಪಗಳಲ್ಲಿ, ಅಥವಾ ಕೆನಡಾದ ಮ್ಯಾನಿಟೋಬಾದ ನಾರ್ಸಿಸ್‌ನಂಥ ಕಡೆ, ಚಳಿಗಾಲ ಕಳೆಯಲು ಹತ್ತಾರು ಸಾವಿರ ಹಾವುಗಳು ಸುಣ್ಣಕಲ್ಲಿನ ಬಿರುಕುಗಳಲ್ಲಿ ಒಟ್ಟಿಗೆ ಸೇರುವಲ್ಲಿ ಫಲ ಕೊಡುತ್ತದೆ. ಇಡೀ ದೇಶಕ್ಕೆ ಹಬ್ಬಿಸಲು ಬರುವುದಿಲ್ಲ. ದೇಶದ ಮಟ್ಟದಲ್ಲಿ ನಮಗೆ ಸಿಗುವುದು ಏರಿಳಿತದ ಸೂಚನೆಗಳು ಮಾತ್ರ.

ಆ ಸೂಚನೆಗಳು ನೆಮ್ಮದಿ ಕೊಡುವಂಥವಲ್ಲ. 2010ರಲ್ಲಿ ಬ್ರಿಟನ್, ಫ್ರಾನ್ಸ್, ಇಟಲಿ, ನೈಜೀರಿಯಾ, ಆಸ್ಟ್ರೇಲಿಯಾಗಳಲ್ಲಿ ವರ್ಷಗಟ್ಟಲೆ ಗಮನಿಸಿದ 17 ಹಾವಿನ ನೆಲೆಗಳ ಲೆಕ್ಕವನ್ನು ಒಟ್ಟಿಗಿಟ್ಟು ನೋಡಿದಾಗ 11 ನೆಲೆಗಳಲ್ಲಿ ಸಂಖ್ಯೆ ತೀವ್ರವಾಗಿ ಕುಸಿದಿತ್ತು. ಇವುಗಳಲ್ಲಿ ರಕ್ಷಿತ ಪ್ರದೇಶಗಳೂ ಇದ್ದವು, ಕುಸಿತ ಬಹುತೇಕ ಒಂದೇ ಅವಧಿಯದ್ದಾಗಿತ್ತು. 2022ರಲ್ಲಿ 10,196 ಸರೀಸೃಪ ಪ್ರಭೇದಗಳ ಜಾಗತಿಕ ಪರಿಶೀಲನೆ ಪ್ರಕಟವಾದಾಗ, ಅವುಗಳಲ್ಲಿ 1,829 ಪ್ರಭೇದಗಳು, ಅಂದರೆ ಸಾಕಷ್ಟು ಮಾಹಿತಿಯಿಲ್ಲದವನ್ನು ಬಿಟ್ಟು ಲೆಕ್ಕ ಹಾಕಿದರೆ ಐದರಲ್ಲಿ ಒಂದಕ್ಕಿಂತ ಹೆಚ್ಚು, ಅಪಾಯದಲ್ಲಿವೆ ಎಂದು ತಿಳಿಯಿತು. ಮರುಭೂಮಿಯವುಗಳಿಗಿಂತ ಕಾಡಿನವು ಹೆಚ್ಚು ಕಷ್ಟದಲ್ಲಿದ್ದವು, ಎಲ್ಲಕ್ಕಿಂತ ಹೆಚ್ಚಾಗಿ ಆಮೆ ಮತ್ತು ಮೊಸಳೆಗಳು. ಆದರೆ ಕಾಫಿ ತೋಟದವರಿಗೆ ಹತ್ತಿರದ ಪಾಠ ಪನಾಮಾದ್ದು ಎಂದು ನನಗೆ ತೋರುತ್ತದೆ. ಅಲ್ಲಿನ ಎಲ್ ಕೋಪೆ ಎಂಬ ಕಾಡಿನಲ್ಲಿ 2004ರಲ್ಲಿ ಶಿಲೀಂಧ್ರರೋಗ ಬಂದು ಕಪ್ಪೆಗಳು ಸಾಮೂಹಿಕವಾಗಿ ಸತ್ತವು. ಕಾಡು ಹಾಗೆಯೇ ನಿಂತಿತ್ತು, ಹಾವಿಗೆ ಯಾರೂ ಕೈ ಹಚ್ಚಿರಲಿಲ್ಲ. ಆದರೂ ಕಪ್ಪೆ ಹೋದ ಮೇಲೆ ಹಾವಿನ ಬಗೆಗಳು ಕಡಿಮೆಯಾಗಿ, ಉಳಿದ ಹಲವು ಹಾವುಗಳು ಸೊರಗಿದ್ದವು ಎಂದು 2020ರ ಅಧ್ಯಯನ ದಾಖಲಿಸಿತು.

ಈಗ ನಿಮ್ಮ ತೋಟಕ್ಕೆ ಬರುತ್ತೇನೆ. ಕೇರೆ ಮತ್ತು ಹಸಿರು ಹಾವು ಕಡಿಮೆಯಾಗಿವೆ ಎಂಬ ನಿಮ್ಮ ಅನಿಸಿಕೆಯನ್ನು ನಾನು ತಳ್ಳಿಹಾಕುವುದಿಲ್ಲ, ಏಕೆಂದರೆ ಇವೆರಡೂ ಹಗಲು ಓಡಾಡುವ, ಮನುಷ್ಯರ ಕಣ್ಣಿಗೆ ಸುಲಭವಾಗಿ ಬೀಳುವ ಹಾವುಗಳು. ರಾತ್ರಿ ಹೊರಡುವ ಕಟ್ಟುಹಾವಿನ ಬಗ್ಗೆ ಇದೇ ಮಾತು ಹೇಳಿದ್ದರೆ ಅಷ್ಟು ಬೆಲೆ ಕೊಡುತ್ತಿರಲಿಲ್ಲ. ಕೇರೆಯ ಊಟ ಇಲಿ ಮತ್ತು ಕಪ್ಪೆ. ಮಲೆನಾಡಿನ ಕಣಿವೆಗಳಲ್ಲಿ ಭತ್ತದ ಗದ್ದೆಗಳು ಬೀಳುಬಿದ್ದು ಅಥವಾ ಅಡಿಕೆ, ಶುಂಠಿಗೆ ತಿರುಗಿದಂತೆ ಆ ಊಟವೂ ಅದರ ಜಾಗವೂ ಕುಗ್ಗಿವೆ. ಶುಂಠಿಗೆ ಸುರಿಯುವ ಔಷಧಿ ಹಳ್ಳದ ಕಪ್ಪೆಗಳವರೆಗೆ ಹೋಗುತ್ತದೆ. ಹಸಿರು ಹಾವಿಗೆ ಬೇಕಾದದ್ದು ಬೇಲಿಸಾಲಿನ ಪೊದೆ. ಕತ್ತಿಯಿಂದ ಕಳೆ ಸವರುತ್ತಿದ್ದ ಕಡೆ ಈಗ ಕಳೆನಾಶಕ ಹೊಡೆದು, ಪೊದೆಯ ಬದಲು ತಂತಿಬೇಲಿ ಹಾಕಿದರೆ ಓತಿಯೂ ಇಲ್ಲ, ಓತಿಯನ್ನು ತಿನ್ನುವ ಹಾವೂ ಇಲ್ಲ. ರಾತ್ರಿ ಸಂಚಾರ ಹೆಚ್ಚಿರುವ ಘಟ್ಟದ ರಸ್ತೆಗಳಲ್ಲಿ ಮುಂಗಾರಿನ ಮೊದಲ ವಾರಗಳಲ್ಲಿ ಎಷ್ಟು ಹಾವುಗಳು ಟಯರಿಗೆ ಸಿಕ್ಕುತ್ತವೆ ಎಂಬುದನ್ನು ಬೆಳಿಗ್ಗೆ ಬೇಗ ಹೊರಟವರೆಲ್ಲ ನೋಡಿದ್ದಾರೆ. ನವಿಲು ಹೆಚ್ಚಿದ್ದರಿಂದಲೇ ಹಾವು ಕಡಿಮೆಯಾಯಿತು ಎಂಬ ಮಾತೂ ಊರೂರಿನಲ್ಲಿದೆ; ನವಿಲು ಮರಿಹಾವುಗಳನ್ನು ತಿನ್ನುವುದು ನಿಜವಾದರೂ, ಗದ್ದೆ ಮತ್ತು ಪೊದೆ ಹೋದದ್ದನ್ನು ಬಿಟ್ಟು ಎಲ್ಲ ತಪ್ಪನ್ನೂ ಅದರ ತಲೆಗೆ ಕಟ್ಟುವುದನ್ನು ನಾನು ಒಪ್ಪಲಾರೆ.

ಕಾಳಿಂಗ ಹೆಚ್ಚಾಗಿದೆ ಎಂಬುದನ್ನು ಮಾತ್ರ ಅಷ್ಟು ಸುಲಭವಾಗಿ ನಂಬಬೇಡಿ. ಹೆಚ್ಚಾಗಿರುವುದು ಸುದ್ದಿ ಎಂಬುದು ಖಚಿತ. ಹಾವು ಎಂಬುದು ಖಚಿತವಲ್ಲ. ಹಿಂದೆ ತೋಟದಲ್ಲಿ ಕಂಡ ಕಾಳಿಂಗವನ್ನು ಹೊಡೆಯುತ್ತಿದ್ದರು, ಇಲ್ಲವೆ ಕೈಮುಗಿದು ಬಿಟ್ಟುಬಿಡುತ್ತಿದ್ದರು. ಊರಾಚೆಗೆ ಸುದ್ದಿ ಹೋಗುತ್ತಿರಲಿಲ್ಲ. ಈಗ ಹಾವು ಹಿಡಿಯುವವರಿಗೆ ಕರೆ ಹೋಗುತ್ತದೆ, ವಿಡಿಯೊ ಸಂಜೆಯೊಳಗೆ ಜಿಲ್ಲೆಯೆಲ್ಲ ಸುತ್ತುತ್ತದೆ, ಒಂದೇ ಹಾವು ಮೂರು ಊರುಗಳಲ್ಲಿ ಮೂರು ಹಾವಾಗುತ್ತದೆ. ಋತುವನ್ನೂ ಗಮನಿಸಿ: ಬೇಸಿಗೆಯ ತಿಂಗಳುಗಳಲ್ಲಿ ಗಂಡುಗಳು ಹೆಣ್ಣನ್ನು ಹುಡುಕುತ್ತ ದೂರ ಅಲೆಯುತ್ತವೆ, ಒಂದಕ್ಕೊಂದು ಸೆಣಸುತ್ತವೆ, ನಂತರ ಹೆಣ್ಣು ತರಗೆಲೆ ಗುಡ್ಡೆಹಾಕಿ ಗೂಡು ಕಟ್ಟಿ ಮೊಟ್ಟೆ ಕಾಯುತ್ತದೆ. ಆ ಅವಧಿಯಲ್ಲಿ ಕಾಣುವುದು ಹೆಚ್ಚು, ಮಳೆಗಾಲದಲ್ಲಿ ಅವೇ ಹಾವುಗಳು ಇದ್ದೂ ಕಾಣುವುದಿಲ್ಲ.

ಇನ್ನೊಂದು ಕಾರಣ ನಾವೇ ಮಾಡಿದ್ದು. ಹಿಡಿದ ಹಾವನ್ನು ‘ದೂರದ ಕಾಡಿಗೆ’ ಬಿಟ್ಟರೆ ಸಮಸ್ಯೆ ಮುಗಿಯಿತೆಂದು ಭಾವಿಸಲಾಗುತ್ತದೆ. ಆಗುಂಬೆಯಲ್ಲಿ ರೇಡಿಯೊ ಯಂತ್ರ ಅಳವಡಿಸಿ ಹಿಂಬಾಲಿಸಿದಾಗ, ತನ್ನ ಜಾಗದಲ್ಲೇ ಇದ್ದ ಕಾಳಿಂಗಕ್ಕಿಂತ ಬೇರೆಡೆಗೆ ಸಾಗಿಸಿ ಬಿಟ್ಟ ಕಾಳಿಂಗ ಬಹಳ ಹೆಚ್ಚು ದೂರ, ಗೊತ್ತುಗುರಿಯಿಲ್ಲದೆ ಅಲೆದದ್ದು ಕಂಡುಬಂತು. ಅಲೆಯುವ ಹಾವು ಹೆಚ್ಚು ಮನೆಗಳ ಅಂಗಳಕ್ಕೆ ಬರುತ್ತದೆ, ಹೆಚ್ಚು ಕರೆಗಳಿಗೆ ಕಾರಣವಾಗುತ್ತದೆ. ನಿಮ್ಮ ಎರಡು ಅನಿಸಿಕೆಗಳೂ ಒಂದಕ್ಕೊಂದು ಎದುರಾಗಿವೆ ಎಂಬುದನ್ನೂ ಗಮನಿಸಿ: ಕಾಳಿಂಗದ ಮುಖ್ಯ ಆಹಾರ ಬೇರೆ ಹಾವುಗಳು, ಅದರಲ್ಲೂ ಕೇರೆ ಮತ್ತು ನಾಗರ. ಕೇರೆ ನಿಜವಾಗಿಯೂ ಕುಗ್ಗಿದ್ದರೆ ಕಾಳಿಂಗ ಬಹುಕಾಲ ಹೆಚ್ಚುತ್ತಾ ಹೋಗಲಾರದು. ಆಹಾರ ಅರಸಿ ಮನೆಯ ಹತ್ತಿರ ಬರುವುದು ಮಾತ್ರ ಹೆಚ್ಚಬಹುದು.

ಇದನ್ನು ತೀರ್ಮಾನಿಸಲು ನೆನಪು ಸಾಲದು, ದಾಖಲೆ ಬೇಕು, ಮತ್ತು ಅದನ್ನು ನಿಮ್ಮಂಥ ಬೆಳೆಗಾರರೇ ಇಡಬಲ್ಲರು. ತೋಟದಲ್ಲಿ ಪ್ರತಿದಿನ ನಡೆಯುವ ಒಂದೇ ದಾರಿಯನ್ನು ಆರಿಸಿಕೊಂಡು, ಹೊರಟ ಮತ್ತು ಮುಗಿಸಿದ ಹೊತ್ತು, ಹಿಂದಿನ ದಿನದ ಮಳೆ, ಕಂಡ ಹಾವು ಅಥವಾ ಓತಿ ಇಷ್ಟನ್ನು ಬರೆಯಿರಿ. ಮಳೆಯ ಲೆಕ್ಕವನ್ನು ಹೇಗೂ ನಿಮ್ಮ ಕಡೆಯ ತೋಟಗಳಲ್ಲಿ ಇಂಚು ಸೆಂಟುಗಳಲ್ಲಿ ಬರೆದಿಡುವ ರೂಢಿಯಿದೆ. ಅದೇ ಪುಸ್ತಕದಲ್ಲಿ ಇನ್ನೊಂದು ಕಾಲಂ ಸಾಕು. ಏನೂ ಕಾಣದ ದಿನ ಸೊನ್ನೆ ಬರೆಯುವುದನ್ನು ಮರೆಯಬಾರದು, ಏಕೆಂದರೆ ಸೊನ್ನೆಗಳಿಲ್ಲದ ದಾಖಲೆಯಿಂದ ಏರಿಳಿತ ತಿಳಿಯುವುದಿಲ್ಲ. ರಸ್ತೆಯಲ್ಲಿ ಸತ್ತವನ್ನು ಬೇರೆಯಾಗಿ ಬರೆಯಿರಿ. ಅಡಿಕೆ ಸಾಲಿನ ಹಾರುವ ಓತಿ ಒಳ್ಳೆಯ ಸೂಚಕ: ಬಿಸಿಲೇರಿದ ಮೇಲೆ ಗಂಡು ಕಾಂಡಕ್ಕೆ ಅಂಟಿಕೊಂಡು ಗಂಟಲ ಹಳದಿ ಚೀಲವನ್ನು ಬಿಚ್ಚಿ ಮಡಚುವುದು ದೂರಕ್ಕೂ ಕಾಣುವುದರಿಂದ, ನಿಗದಿತ ಸಾಲುಗಳಲ್ಲಿ ಅದನ್ನು ಎಣಿಸುವುದು ಹಾವನ್ನು ಎಣಿಸುವುದಕ್ಕಿಂತ ಎಷ್ಟೋ ಸುಲಭ.

ಹಾವಿನ ಪೊರೆ ಸಿಕ್ಕರೆ ಎಸೆಯಬೇಡಿ. ಪೊರೆಯಲ್ಲಿ ಬಣ್ಣ ಉಳಿಯದಿದ್ದರೂ ಹುರುಪೆಗಳ ಜೋಡಣೆ ಹಾಗೆಯೇ ಇರುತ್ತದೆ. ಮೈಯ ನಡುಭಾಗದಲ್ಲಿ ಸುತ್ತಳತೆಯ ಹುರುಪೆ ಸಾಲುಗಳನ್ನು, ಹೊಟ್ಟೆಯ ಅಗಲ ಹುರುಪೆಯನ್ನು ಬಿಟ್ಟು ಎಣಿಸಿದರೆ ಕಾಳಿಂಗದಲ್ಲಿ 15 ಸಿಗುತ್ತವೆ, ನಾಗರದಲ್ಲಿ ಇಪ್ಪತ್ತಕ್ಕೂ ಹೆಚ್ಚು; ಕಟ್ಟುಹಾವಿನ ಬೆನ್ನ ನಡುವಿನ ಸಾಲಿನ ಹುರುಪೆಗಳು ಅಕ್ಕಪಕ್ಕದವಕ್ಕಿಂತ ದೊಡ್ಡವಾಗಿ ಆರು ಮೂಲೆಯವಾಗಿರುತ್ತವೆ. ಸಾಲು ಎಣಿಸುವುದು ಕಷ್ಟವೆನಿಸಿದರೆ ಪೊರೆಯನ್ನು ಬಿಳಿ ಹಾಳೆಯ ಮೇಲೆ ಹರಡಿ, ತಲೆಯ ಭಾಗ ಮತ್ತು ನಡುಭಾಗದ ಚಿತ್ರ ತೆಗೆದಿಡಿ. ಜೀವಂತ ಹಾವನ್ನು ಗುರುತಿಸಲು ಹತ್ತಿರ ಹೋಗುವ ಅಗತ್ಯವಿಲ್ಲ. ಹಿಡಿಯುವುದು, ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ದೂರದಿಂದ ತೆಗೆದ ಚಿತ್ರಗಳನ್ನು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಅಥವಾ ಐನ್ಯಾಚುರಲಿಸ್ಟ್ ಎಂಬ ಜಾಲತಾಣಕ್ಕೆ ಸೇರಿಸಿದರೆ ಬಲ್ಲವರು ಹೆಸರು ಸೂಚಿಸುತ್ತಾರೆ, ದಿನಾಂಕದೊಡನೆ ದಾಖಲೆಯೂ ಉಳಿಯುತ್ತದೆ. ಬೆತ್ತದ ಆಮೆ, ನಕ್ಷತ್ರ ಆಮೆ, ಎರಡು ತಲೆ ಹಾವೆಂದು ಮಾರಾಟವಾಗುವ ಮಣ್ಣುಮುಕ್ಕ ಇವು ಕಂಡಾಗ ಮಾತ್ರ ಸ್ಥಳದ ವಿವರವನ್ನು ಮರೆಮಾಡುವ ಆಯ್ಕೆಯನ್ನು ಒತ್ತಿರಿ. ಕಳ್ಳಸಾಗಣೆಯವರೂ ಅದೇ ನಕ್ಷೆಗಳನ್ನು ನೋಡಬಲ್ಲರು.